ಔಷಧಿ ‘ತಿನ್ನುವ’ ವಿದ್ಯಾರ್ಥಿ ಮತ್ತು ಹಿಡಿತಕ್ಕೆ ಸಿಗದ ‘ಟೇಕ್’

ಚೀನೀ ಮಾತೃಭಾಷೆಯವರಿಗೆ ಇಂಗ್ಲಿಷ್ ಕಲಿಸುತ್ತಿರುವ ಓದುಗರು ಕಳಿಸಿದ ಪ್ರಶ್ನೆಗಳು ಸುತ್ತಿ ಬಳಸಿ ‘ಟೇಕ್’ ಎಂಬ ಒಂದೇ ಪದದ ಬಳಿ ಬಂದು ನಿಲ್ಲುತ್ತಿವೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಚೀನೀ ಪದಗಳನ್ನು ಕನ್ನಡದ ಕಿವಿಗೆ ಆದಷ್ಟು ಹತ್ತಿರವಾಗುವಂತೆ ಬರೆದಿದೆ. ಸ್ವರದ ಏರಿಳಿತ ತೋರಿಸಿಲ್ಲ.

ಪ್ರಶ್ನೆ: ನನ್ನ ವಿದ್ಯಾರ್ಥಿನಿ ‘ಐ ಈಟ್ ಮೆಡಿಸಿನ್’ ಅನ್ನುತ್ತಾಳೆ. ತಿದ್ದಿದಾಗ ‘ಟೇಕ್’ ಎಂದು ಹೇಳುತ್ತಾಳೆ, ಮುಂದಿನ ವಾರ ಮತ್ತೆ ‘ಈಟ್’. ಇದು ಯಾಕೆ ಹೋಗುವುದಿಲ್ಲ?

ಉತ್ತರ: ಚೀನೀ ಭಾಷೆಯಲ್ಲಿ ‘ಛ್ರ್ ಯಾವ್’ ಅನ್ನುತ್ತಾರೆ. ಛ್ರ್ ಅಂದರೆ ತಿನ್ನು, ಯಾವ್ ಅಂದರೆ ಔಷಧಿ. ಕಷಾಯವಾದರೆ ‘ಹ ಯಾವ್’, ಅಂದರೆ ಔಷಧಿ ಕುಡಿ. ಆಕೆಯ ತಲೆಯಲ್ಲಿ ಔಷಧಿ ಎಂಬ ನಾಮಪದ ತನ್ನ ಕ್ರಿಯಾಪದವನ್ನು ಜೊತೆಗೇ ಕಟ್ಟಿಕೊಂಡು ಬರುತ್ತದೆ. ನೀವು ತಿದ್ದುವುದು ವಾಕ್ಯವನ್ನು, ಕೂತಿರುವುದು ಜೋಡಿ. ಅದಕ್ಕೇ ತಿದ್ದಿದ್ದು ಒಂದು ವಾರವೂ ಉಳಿಯುವುದಿಲ್ಲ.

ಇಂಗ್ಲಿಷಿನ ‘ಟೇಕ್’ ಕೂರುವ ಕಡೆಯೆಲ್ಲ ಚೀನೀ ಭಾಷೆ ಬೇರೆ ಬೇರೆ ಕ್ರಿಯಾಪದ ಇಡುತ್ತದೆ. ಬಸ್ಸಿಗೆ ‘ಜ್ವೊ’, ಅಂದರೆ ಕೂರು. ಫೋಟೊಗೆ ‘ಪಾಯ್’. ಜ್ವರ ನೋಡುವುದಕ್ಕೆ ‘ಲ್ಯಾಂಗ್’, ಅಳೆ. ಟಿಪ್ಪಣಿಗೆ ‘ಜೀ’, ಬರೆದಿಡು. ಸ್ನಾನಕ್ಕೆ ‘ಶೀ ಜಾವ್’ ಎಂಬ ಇಡೀ ಪದವೇ ಇದೆ. ಪರೀಕ್ಷೆಯ ಕಥೆ ಇನ್ನೂ ಬೇರೆ: ‘ಕಾವ್ ಶ್ರ್’ ಎನ್ನುವುದು ಪರೀಕ್ಷೆಯೂ ಹೌದು, ಪರೀಕ್ಷೆಗೆ ಕೂರುವ ಕೆಲಸವೂ ಹೌದು. ‘ಐ ವಿಲ್ ಎಕ್ಸಾಮ್ ಟುಮಾರೊ’ ಹುಟ್ಟುವುದು ಅಲ್ಲಿಂದ.

ಮಾಡಬೇಕಾದ್ದು ಹೀಗೆ. ಒಂದು ಸಲಕ್ಕೆ ಎಂಟು ನಾಮಪದ ಸಾಕು: ಮಾತ್ರೆ, ಬಸ್, ಫೋಟೊ, ಜ್ವರದ ಅಳತೆ, ಟಿಪ್ಪಣಿ, ಸ್ನಾನ, ಪರೀಕ್ಷೆ, ವಿರಾಮ. ಕಾರ್ಡಿನ ಒಂದು ಬದಿಗೆ ಬರೀ ನಾಮಪದ ಬರೆಯಿರಿ. ಚೀನೀ ಅನುವಾದ ಬೇಡ, ಬರೆದರೆ ಹಳೆಯ ಕ್ರಿಯಾಪದ ಜೊತೆಗೇ ಎದ್ದು ಬರುತ್ತದೆ. ಇನ್ನೊಂದು ಬದಿಗೆ ಪ್ರಮಾಣ ಮತ್ತು ಸಮಯ ಇರುವ ಪೂರ್ತಿ ವಾಕ್ಯ: ‘ಐ ಟುಕ್ ಟೂ ಟ್ಯಾಬ್ಲೆಟ್ಸ್ ಆಫ್ಟರ್ ಲಂಚ್.’ ಅದೇ ಸಂಜೆ ಒಮ್ಮೆ, ಮರುದಿನ ಒಮ್ಮೆ, ನಾಲ್ಕನೇ ದಿನ ಒಮ್ಮೆ, ವಾರ ಕಳೆದ ಮೇಲೆ ಒಮ್ಮೆ ತಿರುವಿ ಹಾಕಿಸಿ.

ಪಾಠದಲ್ಲಿ ಪ್ರಶ್ನೆ ಕೇಳುವಾಗ ಮಾತ್ರ ಒಂದು ಎಚ್ಚರ ಇರಲಿ. ‘ಹೌ ಮೆನಿ ಟ್ಯಾಬ್ಲೆಟ್ಸ್ ಡಿಡ್ ಯೂ ಟೇಕ್?’ ಎಂದು ಕೇಳಿದರೆ ಉತ್ತರದ ಕ್ರಿಯಾಪದವನ್ನು ನೀವೇ ಕೈಗೆ ಕೊಟ್ಟಂತಾಯಿತು. ಆಕೆ ಸರಿಯಾಗಿ ಹೇಳುತ್ತಾಳೆ, ಕಲಿತಳೆಂದು ನೀವು ಅಂದುಕೊಳ್ಳುತ್ತೀರಿ. ‘ವಾಟ್ ಅಬೌಟ್ ದ ಟ್ಯಾಬ್ಲೆಟ್ಸ್?’ ಎಂದು ಕ್ರಿಯಾಪದವಿಲ್ಲದೆ ಕೇಳಿ. ಆಗ ಬಾಯಿಗೆ ಬರುವುದೇ ನಿಜವಾದ ಸ್ಥಿತಿ.

‘ಟೇಕ್’ ಕೂತ ಮೇಲೆ ಇನ್ನೊಂದು ತಪ್ಪು ಶುರುವಾಗುತ್ತದೆ, ಅದಕ್ಕೂ ಸಿದ್ಧರಾಗಿರಿ: ಎಲ್ಲದಕ್ಕೂ ‘ಟೇಕ್’. ಸೈಕಲ್ಲಿಗೆ ‘ರೈಡ್’ ಬೇಕು. ಊಟ ತಿಂಡಿಗೆ ‘ಹ್ಯಾವ್’ ಅಥವಾ ‘ಈಟ್’. ಇಂಜೆಕ್ಷನ್ನಿಗೆ ‘ಹ್ಯಾವ್’ ಅಥವಾ ‘ಗೆಟ್’. ಹಾಗೆಯೇ, ಹಳೆಯ ವಿಷದ ಬಾಟಲಿಗಳ ಮೇಲೆ ‘ನಾಟ್ ಟು ಬಿ ಟೇಕನ್’ ಎಂದು ಅಚ್ಚು ಹಾಕುತ್ತಿದ್ದರು. ಸೇವಿಸಬಾರದು ಎಂದು ಅದರ ಅರ್ಥ. ‘ಟೇಕ್’ ಎಂದರೆ ಎತ್ತಿಕೊಳ್ಳುವುದು ಎಂದಷ್ಟೇ ಕಲಿತವನು ಅದನ್ನು ‘ಇಲ್ಲಿಂದ ತೆಗೆದುಕೊಂಡು ಹೋಗಬೇಡಿ’ ಎಂದು ಓದುತ್ತಾನೆ. ಈ ಉದಾಹರಣೆ ಹೇಳಿದರೆ ತರಗತಿಯಲ್ಲಿ ಯಾರೂ ಮರೆಯುವುದಿಲ್ಲ.

ಪ್ರಶ್ನೆ: ನಿಘಂಟಿನಲ್ಲಿ ‘ಟೇಕ್’ಗೆ ಪುಟಗಟ್ಟಲೆ ಅರ್ಥ ಇದೆ. ಎಷ್ಟು ಕಲಿಸಬೇಕು, ಯಾವುದು ಮೊದಲು?

ಉತ್ತರ: ಅರ್ಥಗಳನ್ನು ಎಣಿಸಲು ಹೋಗಬೇಡಿ. ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಪದಪಟ್ಟಿಗಳಲ್ಲಿ ‘ಟೇಕ್’ ಎದುರಿಗೆ ಸಾಮಾನ್ಯವಾಗಿ ‘ನಾ’ ಎಂದಿರುತ್ತದೆ, ಕೈಯಲ್ಲಿ ಹಿಡಿ, ಎತ್ತಿಕೋ ಎಂಬ ಅರ್ಥ. ಅದು ಸುಳ್ಳಲ್ಲ, ಆದರೆ ನಿತ್ಯದ ಇಂಗ್ಲಿಷಿನಲ್ಲಿ ಕೇಳುವ ‘ಟೇಕ್’ಗಳಲ್ಲಿ ಬಹಳಷ್ಟಕ್ಕೆ ಕೈಯ ಸಂಬಂಧವೇ ಇಲ್ಲ.

ನಾಲ್ಕು ಗುಂಪು ಮಾಡಿಕೊಳ್ಳಿ. ಮೊದಲನೆಯದು ಕೈಯದು: ಎತ್ತಿಕೋ, ಒಯ್ಯಿ, ಕರೆದುಕೊಂಡು ಹೋಗು. ಎರಡನೆಯದರಲ್ಲಿ ‘ಟೇಕ್’ ಖಾಲಿ ಚೀಲ, ಅರ್ಥವೆಲ್ಲ ಮುಂದಿನ ನಾಮಪದದಲ್ಲಿ: ‘ಟೇಕ್ ಎ ಬ್ರೇಕ್’, ‘ಟೇಕ್ ಎ ಲುಕ್’, ‘ಟೇಕ್ ಎ ವಾಕ್’. ಮೂರನೆಯದು ‘ಬೇಕಾಗುತ್ತದೆ’ ಎಂಬ ಅರ್ಥ: ಇಷ್ಟು ಸಮಯ ಹಿಡಿಯುತ್ತದೆ, ಇಷ್ಟು ಧೈರ್ಯ ಬೇಕು, ಈ ಯಂತ್ರಕ್ಕೆ ಎರಡು ಬ್ಯಾಟರಿ ಬೇಕು. ನಾಲ್ಕನೆಯದು ಸ್ವೀಕರಿಸುವುದು, ತಾಳಿಕೊಳ್ಳುವುದು: ‘ಟೇಕ್ ಮೈ ಅಡ್ವೈಸ್’, ‘ಐ ಕಾಂಟ್ ಟೇಕ್ ಇಟ್ ಎನಿಮೋರ್’.

ಇದೇ ಕ್ರಮದಲ್ಲಿ ಹೋಗಿ, ಆದರೆ ಮೊದಲನೆಯದಕ್ಕೆ ಒಂದು ಪಾಠ ಕೊಟ್ಟು ಮುಗಿಸಿ. ಅದು ಅವರಿಗೆ ಬಂದೇ ಇರುತ್ತದೆ. ಹೆಚ್ಚು ದಿನ ಎರಡನೆಯ ಗುಂಪಿಗೆ ಬೇಕು. ಮೂರನೆಯದು ಪರೀಕ್ಷೆಗೆ ಬೇಕು, ಅದರ ಬಗ್ಗೆ ಕೆಳಗಿದೆ. ನಾಲ್ಕನೆಯದನ್ನು ಓದುವಾಗ ಎದುರಾದಂತೆ ವಿವರಿಸಿದರೆ ಸಾಕು. ‘ಆಫ್’, ‘ಅಪ್’, ‘ಓವರ್’ ಸೇರಿದ ರೂಪಗಳನ್ನು ಈ ನಾಲ್ಕೂ ಗಟ್ಟಿಯಾಗುವವರೆಗೆ ಮುಟ್ಟಬೇಡಿ.

ಪ್ರಶ್ನೆ: ‘ಸ್ಪೆಂಡ್’, ‘ಕಾಸ್ಟ್’, ‘ಟೇಕ್’, ‘ಪೇ’ – ಈ ನಾಲ್ಕರಲ್ಲಿ ನನ್ನ ವಿದ್ಯಾರ್ಥಿಗಳು ಸದಾ ಎಡವುತ್ತಾರೆ. ‘ಐ ಕಾಸ್ಟ್ ಥರ್ಟಿ ಯುವಾನ್’, ‘ಇಟ್ ಸ್ಪೆಂಟ್ ಮೀ ಟೂ ಅವರ್ಸ್’. ಶಾಲೆಯಲ್ಲಿ ಎಷ್ಟೋ ಸಲ ಅಭ್ಯಾಸ ಮಾಡಿಸಿರುತ್ತಾರಂತೆ. ಆದರೂ ಹೀಗೇಕೆ?

ಉತ್ತರ: ಹೌದು, ಚೀನಾದ ಮಾಧ್ಯಮಿಕ ಶಾಲೆಯ ಇಂಗ್ಲಿಷಿನಲ್ಲಿ ಈ ನಾಲ್ಕರ ವ್ಯತ್ಯಾಸ ತಪ್ಪದೆ ಬರುವ ಪಾಠ. ‘ಇಟ್ ಟೇಕ್ಸ್ ಸಂಬಡಿ ಸಮ್ ಟೈಮ್ ಟು ಡೂ ಸಂಥಿಂಗ್’ ಎಂಬ ಸೂತ್ರ ಅವರ ಬಾಯಲ್ಲಿ ಮಗ್ಗಿಯ ಹಾಗೆ ಇರುತ್ತದೆ. ಬಿಟ್ಟ ಸ್ಥಳ ತುಂಬುತ್ತಾರೆ, ಮಾತಾಡುವಾಗ ಮುಗ್ಗರಿಸುತ್ತಾರೆ.

ಮೂಲ ಕಾರಣ ‘ಹ್ವಾ’ ಎಂಬ ಚೀನೀ ಕ್ರಿಯಾಪದ. ಹಣ ಖರ್ಚಾದರೂ ಹ್ವಾ, ಸಮಯ ಹೋದರೂ ಹ್ವಾ. ಸಾಲದ್ದಕ್ಕೆ ಅದರ ಕರ್ತೃ ಬಹುಪಾಲು ಮನುಷ್ಯ (‘ನಾನು ಎರಡು ಗಂಟೆ ಹ್ವಾ’), ಒಮ್ಮೊಮ್ಮೆ ವಸ್ತು ಅಥವಾ ಕೆಲಸ (‘ಅದು ನನ್ನ ಎರಡು ಗಂಟೆ ಹ್ವಾ’). ಎರಡೂ ಅಲ್ಲಿ ಸರಿ. ಆದ್ದರಿಂದ ಇಂಗ್ಲಿಷಿಗೆ ಬಂದಾಗ ಕರ್ತೃವಿನ ಜಾಗದಲ್ಲಿ ಯಾರನ್ನು ಕೂರಿಸಿದರೂ ಅವರ ಕಿವಿಗೆ ತಪ್ಪೆನಿಸುವುದಿಲ್ಲ. ನೀವು ಬರೆದ ಎರಡು ತಪ್ಪು ವಾಕ್ಯಗಳೂ ಇದೇ ಬೇರಿನವು.

ಹಾಗಾಗಿ ಅರ್ಥದಿಂದ ಶುರು ಮಾಡಬೇಡಿ, ಕರ್ತೃವಿನಿಂದ ಶುರು ಮಾಡಿ. ವಾಕ್ಯದ ಮೊದಲಿಗೆ ಮನುಷ್ಯ ಇದ್ದರೆ ‘ಸ್ಪೆಂಡ್’ ಅಥವಾ ‘ಪೇ’. ಕೊಂಡ ವಸ್ತು ಇದ್ದರೆ ‘ಕಾಸ್ಟ್’. ಕೆಲಸ, ಪ್ರಯಾಣ ಅಥವಾ ‘ಇಟ್’ ಇದ್ದು ಸಮಯದ ಮಾತಾದರೆ ‘ಟೇಕ್’. ಇದಾದ ಮೇಲೆ ಬಾಲ ನೋಡಿಕೊಳ್ಳಬೇಕು. ‘ಸ್ಪೆಂಡ್’ ನಂತರ ವಸ್ತುವಿಗೆ ‘ಆನ್’, ಕೆಲಸಕ್ಕೆ ‘-ಇಂಗ್’ ರೂಪ. ‘ಪೇ’ಗೆ ‘ಫಾರ್’. ‘ಟೇಕ್’ಗೆ ‘ಟು’ ಸೇರಿದ ಕ್ರಿಯಾಪದ. ‘ಕಾಸ್ಟ್’ನ ಭೂತಕಾಲವೂ ‘ಕಾಸ್ಟ್’ ಎನ್ನುವುದನ್ನು ಬೇರೆಯಾಗಿಯೇ ಹೇಳಿ, ‘ಕಾಸ್ಟೆಡ್’ ಬಂದೇ ಬರುತ್ತದೆ.

ಅಭ್ಯಾಸಕ್ಕೆ ಒಂದೇ ಘಟನೆ ಕೊಡಿ, ನಾಲ್ಕು ಬೇರೆ ವಾಕ್ಯಗಳ ಮೇಲೆ ದುಡಿಸಬೇಡಿ. ಒಬ್ಬ 30 ಯುವಾನ್ ಕೊಟ್ಟು ಪುಸ್ತಕ ಕೊಂಡ, ಎರಡು ಗಂಟೆಯಲ್ಲಿ ಓದಿ ಮುಗಿಸಿದ. ಇದನ್ನೇ ಐದು ಬಗೆಯಲ್ಲಿ ಹೇಳಿಸಿ:

‘ಹಿ ಸ್ಪೆಂಟ್ ಥರ್ಟಿ ಯುವಾನ್ ಆನ್ ದ ಬುಕ್.’
‘ಹಿ ಪೇಯ್ಡ್ ಥರ್ಟಿ ಯುವಾನ್ ಫಾರ್ ದ ಬುಕ್.’
‘ದ ಬುಕ್ ಕಾಸ್ಟ್ ಹಿಮ್ ಥರ್ಟಿ ಯುವಾನ್.’
‘ಹಿ ಸ್ಪೆಂಟ್ ಟೂ ಅವರ್ಸ್ ರೀಡಿಂಗ್ ಇಟ್.’
‘ಇಟ್ ಟುಕ್ ಹಿಮ್ ಟೂ ಅವರ್ಸ್ ಟು ರೀಡ್ ಇಟ್.’

ಆಮೇಲೆ ನೀವು ಮೊದಲ ಪದ ಮಾತ್ರ ಹೇಳಿ – ‘ದ ಬುಕ್’, ‘ಹಿ’, ‘ಇಟ್’ – ಉಳಿದದ್ದನ್ನು ಅವರು ಮುಗಿಸಲಿ. ಕರ್ತೃ ಕೇಳಿದ ಕೂಡಲೇ ಕ್ರಿಯಾಪದ ಬಾಯಿಗೆ ಬರಬೇಕು. ಎರಡು ನಿಮಿಷ ತಡೆದು ಯೋಚಿಸಿ ಸರಿ ಹೇಳಿದರೆ ಅದು ಇನ್ನೂ ಕಲಿತದ್ದಲ್ಲ.

ಒಂದು ವಿಷಯದಲ್ಲಿ ಶಾಲೆಯ ಸೂತ್ರವನ್ನು ಸಡಿಲಿಸಲೇಬೇಕು. ‘ಟೇಕ್’ ಮೊದಲಿಗೆ ‘ಇಟ್’ ಬಿಟ್ಟು ಬೇರೇನೂ ಬರಬಾರದು ಎಂದು ಹಲವರು ನಂಬಿರುತ್ತಾರೆ. ‘ದ ಜರ್ನಿ ಟುಕ್ ತ್ರೀ ಅವರ್ಸ್’ ಸರಿ. ‘ಶಿ ಟುಕ್ ಆ್ಯನ್ ಅವರ್ ಟು ಡಿಸೈಡ್’ ಕೂಡ ಸರಿಯೇ. ಇಂಥ ವಾಕ್ಯಕ್ಕೆ ಕೆಂಪು ಗೆರೆ ಎಳೆಯುವ ಶಿಕ್ಷಕರಿದ್ದಾರೆ, ಅದು ಅನ್ಯಾಯ. ತಪ್ಪಾಗುವುದು ‘ಇಟ್ ಟುಕ್ ಮೀ ಥರ್ಟಿ ಯುವಾನ್’ ಎಂದು ಬೆಲೆಗೆ ಬಳಸಿದಾಗ.

ಪ್ರಶ್ನೆ: ‘ಬ್ರಿಂಗ್’ ಮತ್ತು ‘ಟೇಕ್’ ಅದಲು ಬದಲಾಗುತ್ತದೆ. ಸುಲಭದ ದಾರಿ ಇದೆಯೇ?

ಉತ್ತರ: ಇದೆ, ಅದು ಅವರ ಭಾಷೆಯಲ್ಲೇ ಇದೆ. ಜೊತೆಗೆ ಒಯ್ಯುವುದಕ್ಕೂ ತರುವುದಕ್ಕೂ ಚೀನೀ ಭಾಷೆಯಲ್ಲಿ ‘ದಾಯ್’ ಒಂದೇ. ಆದರೆ ಅದರ ಹಿಂದೆ ‘ಲಾಯ್’ (ಬಾ) ಅಥವಾ ‘ಛ್ಯು’ (ಹೋಗು) ಸೇರುತ್ತದೆ. ನಮ್ಮ ‘ತಗೊಂಡು ಬಾ’, ‘ತಗೊಂಡು ಹೋಗು’ ಇದೇ ಜೋಡಣೆ, ಹಾಗಾಗಿ ಕನ್ನಡದ ಶಿಕ್ಷಕರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಲಾಯ್ ಬಂದರೆ ‘ಬ್ರಿಂಗ್’, ಛ್ಯು ಬಂದರೆ ‘ಟೇಕ್’. ಹೋಗಿ ತರುವುದಾದರೆ ‘ಫೆಚ್’. ದಿಕ್ಕು ಅವರಿಗೆ ಗೊತ್ತು. ಇಂಗ್ಲಿಷು ಅದನ್ನು ಕ್ರಿಯಾಪದದ ಒಳಗೇ ಅಡಗಿಸಿಟ್ಟಿದೆ ಎನ್ನುವುದಷ್ಟೇ ಹೊಸದು.

ಇಲ್ಲಿ ಕೆಡುವುದು ಫೋನಿನಲ್ಲಿ. ನಾಳೆ ನಿಮ್ಮಲ್ಲಿಗೆ ಪುಸ್ತಕ ಒಯ್ಯುತ್ತೇನೆ ಎಂದು ಕೇಳುಗನಿಗೆ ಹೇಳುವಾಗ ಇಂಗ್ಲಿಷು ಕೇಳುಗನ ಜಾಗದಲ್ಲಿ ನಿಂತು ನೋಡುತ್ತದೆ: ‘ಐ ವಿಲ್ ಬ್ರಿಂಗ್ ಇಟ್ ಟು ಯೂ.’ ಪುಸ್ತಕ ನನ್ನಿಂದ ದೂರ ಹೋಗುತ್ತಿದೆಯಲ್ಲ ಎಂದು ಲೆಕ್ಕ ಹಾಕಿದವನು ‘ಟೇಕ್’ ಅನ್ನುತ್ತಾನೆ. ಒಂದು ಕೊಡೆ ಹಿಡಿದು ಇಬ್ಬರನ್ನು ಎರಡು ಮೂಲೆಯಲ್ಲಿ ನಿಲ್ಲಿಸಿ, ಒಬ್ಬರು ಹೇಳಲಿ, ಇನ್ನೊಬ್ಬರು ಕೇಳಲಿ, ಮೂರನೆಯ ಮೂಲೆಯನ್ನು ಖಾಲಿ ಬಿಡಿ. ಕೊಡೆ ಕೇಳುಗನ ಮೂಲೆಗೆ ಹೋದರೆ ‘ಬ್ರಿಂಗ್’, ಖಾಲಿ ಮೂಲೆಗೆ ಹೋದರೆ ‘ಟೇಕ್’.

ಪ್ರಶ್ನೆ: ‘ಟೇಕ್ ಎ ಶವರ್’ ಸರಿಯೋ, ‘ಹ್ಯಾವ್ ಎ ಶವರ್’ ಸರಿಯೋ?

ಉತ್ತರ: ಎರಡೂ. ಮೊದಲನೆಯದು ಅಮೆರಿಕದ ರೂಢಿ, ಎರಡನೆಯದು ಬ್ರಿಟನ್ನಿನದು. ಪರೀಕ್ಷೆಗೆ ‘ಟೇಕ್’ ಎಲ್ಲ ಕಡೆ ನಡೆಯುತ್ತದೆ, ಬ್ರಿಟನ್ನಿನಲ್ಲಿ ‘ಸಿಟ್’ ಕೂಡ ಉಂಟು. ಆದರೆ ‘ಟೇಕ್ ಆ್ಯನ್ ಎಕ್ಸಾಮ್’ ಅಂದರೆ ಬರೆದದ್ದು ಮಾತ್ರ, ಪಾಸಾದದ್ದಲ್ಲ.

ಪ್ರಶ್ನೆ: ‘ಟೇಕ್ ಆಫ್ ಇಟ್’ ಎಂದು ಹೇಳುತ್ತಾರೆ. ‘ಟೇಕ್ ಇಟ್ ಆಫ್’ ಎಂದು ಎಷ್ಟು ಹೇಳಿಕೊಟ್ಟರೂ ಇಲ್ಲ.

ಉತ್ತರ: ಬಟ್ಟೆ ಕಳಚುವುದಕ್ಕೆ ಚೀನೀ ಭಾಷೆಯಲ್ಲಿ ‘ತ್ವೊದ್ಯಾವ್’. ತ್ವೊ ಅಂದರೆ ಕಳಚು, ದ್ಯಾವ್ ಎಂಬುದು ‘ಹಾಕು, ಬಿಡು’ ಎಂಬಂಥ ಪೂರಕ. ಇವೆರಡೂ ಅಂಟಿಕೊಂಡೇ ಇರುತ್ತವೆ, ಕರ್ಮ ನಡುವೆ ತೂರುವುದಿಲ್ಲ. ಒಂದೋ ಹಿಂದೆ ಬರುತ್ತದೆ, ಇಲ್ಲವೇ ‘ಬಾ’ ಎಂಬ ಚೀನೀ ಪದ (ಕನ್ನಡದ ‘ಬಾ’ ಅಲ್ಲ) ಹಿಡಿದುಕೊಂಡು ಕ್ರಿಯಾಪದದ ಮುಂದೆ ಹೋಗಿ ಕೂರುತ್ತದೆ. ಆದ್ದರಿಂದ ‘ಟೇಕ್’ ಮತ್ತು ‘ಆಫ್’ ನಡುವೆ ಜಾಗ ಬಿಡುವುದು ಅವರಿಗೆ ಒಗ್ಗುವುದಿಲ್ಲ.

ನಿಯಮ ಚಿಕ್ಕದು: ‘ಇಟ್’, ‘ದೆಮ್’ನಂಥ ಸರ್ವನಾಮವಾದರೆ ನಡುವೆಯೇ ಬರಬೇಕು. ‘ಯುವರ್ ಕೋಟ್’ನಂಥದ್ದು ನಡುವೆಯೂ ಆದೀತು, ಕೊನೆಯಲ್ಲೂ ಆದೀತು. ನಿಯಮ ಹೇಳುವುದಕ್ಕಿಂತ ‘ಟೇಕ್-ಇಟ್-ಆಫ್’ ಎಂಬುದನ್ನು ಒಂದೇ ಪದದಂತೆ ಉಸಿರೆಳೆಯದೆ ಹೇಳಿಸುವುದು ಹೆಚ್ಚು ಫಲ ಕೊಡುತ್ತದೆ. ‘ಟೇಕ್ ಆಫ್ಟರ್’ (ಹೋಲು) ಮಾತ್ರ ಒಡೆಯುವುದಿಲ್ಲ: ‘ಶಿ ಟೇಕ್ಸ್ ಆಫ್ಟರ್ ಹಿಮ್’.

ಇದೇ ‘ಟೇಕ್ ಆಫ್’ ವಿಮಾನಕ್ಕೆ ಬಂದಾಗ ಕರ್ಮವೇ ಇಲ್ಲ. ರಜೆಗೆ ಬಂದಾಗ ‘ಟೇಕ್ ಎ ಡೇ ಆಫ್’. ವ್ಯಾಪಾರ ಇದ್ದಕ್ಕಿದ್ದಂತೆ ಕುದುರಿದರೂ ‘ಟುಕ್ ಆಫ್’. ಈ ಮೂರನ್ನೂ ಒಂದೇ ದಿನ ಬಟ್ಟೆಯ ಜೊತೆ ಸೇರಿಸಿ ಹೇಳಿಕೊಡುವ ಆಸೆಯಾಗುತ್ತದೆ. ತಡೆದುಕೊಳ್ಳಿ, ಸೇರಿಸಿದರೆ ನಾಲ್ಕೂ ಕಲಸಿಹೋಗುತ್ತವೆ. ‘ಟೇಕ್ ಔಟ್’, ‘ಟೇಕ್ ಡೌನ್’, ‘ಟೇಕ್ ಅವೇ’ಗಳು ಚೀನೀ ಜೋಡಣೆಗೆ ಹತ್ತಿರ, ಅವು ತಾವಾಗಿಯೇ ಬರುತ್ತವೆ. ‘ಟೇಕ್ ಇನ್’, ‘ಟೇಕ್ ಅಪ್’, ‘ಟೇಕ್ ಓವರ್’ಗಳಿಗೆ ಮಾತ್ರ ಒಂದೊಂದು ದಿನ ಕೊಡಿ.

ಪ್ರಶ್ನೆ: ‘ಟೇಕ್’ ಅನ್ನುವಾಗ ಕೊನೆಯ ‘ಕ್’ ಕೇಳಿಸುವುದೇ ಇಲ್ಲ, ಇಲ್ಲದಿದ್ದರೆ ‘ಟೇಕ’ ಎಂದಾಗುತ್ತದೆ.

ಉತ್ತರ: ಮ್ಯಾಂಡರಿನ್ನಿನಲ್ಲಿ (ಚೀನಾದ ಪ್ರಮಾಣ ಭಾಷೆ, ಈ ಅಂಕಣದಲ್ಲಿ ‘ಚೀನೀ ಭಾಷೆ’ ಎಂದದ್ದು ಇದನ್ನೇ) ಅಕ್ಷರ ಮುಗಿಯುವುದು ಸ್ವರದಲ್ಲಿ, ‘ನ್’ನಲ್ಲಿ, ‘ಂಗ್’ನಲ್ಲಿ, ಕೆಲವೆಡೆ ‘ರ್’ನಲ್ಲಿ. ‘ಕ್’ನಲ್ಲಿ ಮುಗಿಯುವುದೇ ಇಲ್ಲ. ಹಾಗಾಗಿ ನುಂಗುತ್ತಾರೆ ಅಥವಾ ಸ್ವರ ಅಂಟಿಸುತ್ತಾರೆ. ದಕ್ಷಿಣ ಚೀನಾದ ಕ್ಯಾಂಟನೀಸ್ ಮಾತಾಡುವವರಲ್ಲಿ ಕೊನೆಯ ‘ಕ್’ ಉಂಟು, ಆದರೆ ಉಸಿರು ಹೊರಬಿಡದೆ ಗಂಟಲ ಬಳಿಯೇ ನಿಲ್ಲಿಸುತ್ತಾರೆ; ಅವರು ಸ್ವರ ಅಂಟಿಸುವುದು ಕಡಿಮೆ.

ಒಂಟಿ ‘ಟೇಕ್’ ಹೇಳಿಸಿ ಪ್ರಯೋಜನವಿಲ್ಲ. ಸ್ವರದಿಂದ ಶುರುವಾಗುವ ಪದ ಮುಂದಿಡಿ: ‘ಟೇಕ್ ಇಟ್’, ‘ಟೇಕ್ ಎ’, ‘ಟೇಕ್ ಆಫ್’. ಅದನ್ನು ‘ಟೇ-ಕಿಟ್’, ‘ಟೇ-ಕ’, ‘ಟೇ-ಕಾಫ್’ ಎಂದು ಒಡೆಸಿ. ‘ಕ್’ ಈಗ ಅಕ್ಷರದ ಮೊದಲಿಗೆ ಬಂತು, ಅಲ್ಲಿ ಅದು ಅವರಿಗೆ ನೀರು ಕುಡಿದಷ್ಟು ಸುಲಭ. ಇದು ಸಲೀಸಾದ ಮೇಲೆ ‘ಟೇಕ್ ಟೂ’, ‘ಟೇಕ್ ದಿಸ್’. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲವಾದ್ದರಿಂದ ‘ಟೇಕ್-ಟುಕ್-ಟೇಕನ್’ ಮೂರನ್ನೂ ಇದೇ ಹೊತ್ತಿನಲ್ಲಿ ಬಾಯಿಗೆ ಹಾಕಿ. ‘ಹ್ಯಾವ್ ಟುಕ್’ ಒಮ್ಮೆ ಕೂತುಬಿಟ್ಟರೆ ಎಬ್ಬಿಸುವುದು ಕಷ್ಟ.

ಪ್ರಶ್ನೆ: ‘ಈಸ್ ದಿಸ್ ಸೀಟ್ ಟೇಕನ್?’ ಎಂದು ಕೇಳಿದರೆ ನನ್ನ ವಿದ್ಯಾರ್ಥಿ ‘ಯೆಸ್, ಪ್ಲೀಸ್’ ಎಂದು ಕುರ್ಚಿ ತೋರಿಸಿದ!

ಉತ್ತರ: ‘ಟೇಕ್ ಎ ಸೀಟ್’ ಅಂದರೆ ಕೂತುಕೊಳ್ಳಿ ಎಂದು ಕಲಿತಿದ್ದಾನೆ, ಈ ಪ್ರಶ್ನೆಯನ್ನೂ ಕೂರಲು ಕೇಳಿದ ಅಪ್ಪಣೆ ಎಂದು ತಿಳಿದಿದ್ದಾನೆ. ಚೀನೀ ಭಾಷೆಯಲ್ಲಿ ಇದೇ ಸಂದರ್ಭಕ್ಕೆ ‘ಜರ್ ಯೋ ರನ್ ಮಾ?’ ಅನ್ನುತ್ತಾರೆ, ಇಲ್ಲಿ ಜನ ಇದ್ದಾರಾ ಎಂದು. ಇಂಗ್ಲಿಷ್ ಪ್ರಶ್ನೆಯನ್ನು ಅದಕ್ಕೇ ಕಟ್ಟಿಹಾಕಿ, ಹೌದು-ಅಲ್ಲ ಎರಡೂ ತಾನಾಗಿ ಸರಿಹೋಗುತ್ತದೆ. ‘ಡೂ ಯೂ ಮೈಂಡ್ ಇಫ್ ಐ ಟೇಕ್ ದಿಸ್ ಸೀಟ್?’ ಎಂಬುದಕ್ಕೆ ಮಾತ್ರ ಬೇರೆ ದಿನ ಇಡಿ, ಅಲ್ಲಿ ‘ನೋ’ ಅಂದರೆ ಕೂರಬಹುದು.

ಪ್ರಶ್ನೆ: ಒಂದೇ ಪದಕ್ಕೆ ಇಷ್ಟೊಂದು ಅರ್ಥ ಯಾಕೆ, ಇಂಗ್ಲಿಷಿಗೆ ತಲೆ ಕೆಟ್ಟಿದೆಯೇ ಎಂದು ವಿದ್ಯಾರ್ಥಿಗಳು ಗೊಣಗುತ್ತಾರೆ. ಏನು ಹೇಳಲಿ?

ಉತ್ತರ: ಏನೂ ಹೇಳಬೇಡಿ, ಅವರ ‘ದಾ’ ಕ್ರಿಯಾಪದದ ಬಳಕೆಗಳನ್ನು ಐದು ನಿಮಿಷ ಪಟ್ಟಿ ಮಾಡಿಸಿ. ದಾ ಅಂದರೆ ಹೊಡೆ. ಫೋನ್ ಮಾಡುವುದು ‘ದಾ ದ್ಯೆನ್ ಹ್ವಾ’, ಚೆಂಡಾಟ ಆಡುವುದು ‘ದಾ ಛ್ಯೋ’, ಇಂಜೆಕ್ಷನ್ ‘ದಾ ಜನ್’, ಕೊಡೆ ಬಿಚ್ಚಿ ಹಿಡಿಯುವುದು ‘ದಾ ಸಾನ್’, ಕೂಲಿಗೆ ದುಡಿಯುವುದು ‘ದಾ ಗೋಂಗ್’, ಸೀನುವುದು ಕೂಡ ‘ದಾ ಪನ್ ತೀ’. ಟ್ಯಾಕ್ಸಿ ಹಿಡಿಯುವುದು ‘ದಾ ಛ’, ಅದು ಇಂಗ್ಲಿಷಿನಲ್ಲಿ ‘ಟೇಕ್ ಎ ಟ್ಯಾಕ್ಸಿ’.

ಪಟ್ಟಿ ಬೋರ್ಡಿನ ಮೇಲಿರುವಾಗಲೇ ಪ್ರತಿಯೊಂದರ ಎದುರಿಗೆ ಇಂಗ್ಲಿಷ್ ಕ್ರಿಯಾಪದ ಬರೆಸಿ: ‘ಮೇಕ್’, ‘ಪ್ಲೇ’, ‘ಗೆಟ್’, ‘ಹೋಲ್ಡ್’, ‘ವರ್ಕ್’, ‘ಸ್ನೀಝ್’, ‘ಟೇಕ್’. ‘ಹಿಟ್’ ಒಂದು ಕಡೆಯೂ ಬರುವುದಿಲ್ಲ. ಆಮೇಲೆ ಹಿಂದಿನ ಪಾಠದ ಎಂಟು ನಾಮಪದಗಳನ್ನು ಪಕ್ಕದಲ್ಲಿ ಬರೆದು ಅದೇ ಕೆಲಸವನ್ನು ತಿರುಗಿಸಿ ಮಾಡಿಸಿ: ಎದುರಿಗೆ ಚೀನೀ ಕ್ರಿಯಾಪದ ಬರೆದು, ‘ನಾ’ ಎಷ್ಟು ಕಡೆ ಬಂತೆಂದು ಅವರೇ ನೋಡಲಿ. ಕಾರ್ಡಿನ ಮೇಲೆ ಮಾತ್ರ ಈ ಚೀನೀ ಪದಗಳನ್ನು ಬರೆದುಕೊಳ್ಳಲು ಬಿಡಬೇಡಿ, ಬೋರ್ಡಿನಲ್ಲೇ ಅಳಿಸಿಬಿಡಿ.